ಒಂದು ‘ತ್’ ಸೇರಿಸಿದರೆ ಮರ್ಯಾದೆ: ಜಾರ್ಜಿಯನ್ ಮತ್ತು ಚೆಕ್‌ನಲ್ಲಿ ನಮಸ್ಕಾರ, ಥ್ಯಾಂಕ್ಸ್, ಬರ್ತೀನಿ

ಚೆಕ್ ದೇಶದ ಬ್ರನೋ ಊರಿನಲ್ಲಿ ಒಂದು ಸಣ್ಣ ಬೇಕರಿ. ಬೆಳಗ್ಗೆ ಎಂಟು ಗಂಟೆ, ಹೊರಗೆ ಕೊರೆಯುವ ಚಳಿ. ನಾನು ಒಳಗೆ ಹೋಗಿ ಗಾಜಿನ ಹಿಂದಿದ್ದ ರೊಹ್ಲೀಕ್ ಕಡೆ ಕೈ ತೋರಿಸಿ ಎರಡು ಬೆರಳು ಎತ್ತಿದೆ. ರೊಹ್ಲೀಕ್ ಅಂದರೆ ಬಾಳೆಹಣ್ಣಿನ ಹಾಗೆ ಉದ್ದಕ್ಕಿರುವ ಬನ್ನು. ಅಂಗಡಿಯಾಕೆ ಇಕ್ಕಳ ಮುಟ್ಟಲೇ ಇಲ್ಲ. ನನ್ನ ಮುಖ ನೋಡಿ, ಒಂದೊಂದೇ ಅಕ್ಷರ ಬಿಡಿಸಿ, ‘ದೊಬ್ರೀ ದೆನ್’ ಅಂದರು. ಅಂದರೆ ನಮಸ್ಕಾರ. ಮನೆಗೆ ಬಂದ ಮೊಮ್ಮಗ ಸೀದಾ ಅಡುಗೆಮನೆಗೆ ನುಗ್ಗಿದರೆ ಅಜ್ಜಿ ‘ಏನಪ್ಪಾ, ಮಾತಿಲ್ಲ ಕತೆಯಿಲ್ಲ’ ಅನ್ನುತ್ತಾರಲ್ಲ, ಅದೇ ದನಿ. ನಾನೂ ‘ದೊಬ್ರೀ ದೆನ್’ ಅಂದೆ. ಆಮೇಲೆ ರೊಹ್ಲೀಕ್ ಬಂತು.

ಜಾರ್ಜಿಯಾಕ್ಕೆ ಹೋದಾಗ ಆ ಪಾಠ ನೆನಪಿತ್ತು. ತ್ಬಿಲಿಸಿಯ ಗಲ್ಲಿಯೊಂದರಲ್ಲಿ ‘ಥೊನೆ’, ಅಂದರೆ ನಮ್ಮ ತಂದೂರಿನಂಥ ದೊಡ್ಡ ಮಣ್ಣಿನ ಒಲೆ. ಅದರ ಒಳಗೋಡೆಗೆ ಹಿಟ್ಟು ಬಡಿದು ರೊಟ್ಟಿ ಸುಡುತ್ತಾರೆ. ಬಾಗಿಲಲ್ಲೇ ‘ಗಮರ್ಜೊಬಥ್’ ಅಂದೆ. ಒಲೆಯೊಳಗೆ ಅರ್ಧ ಬಗ್ಗಿದ್ದ ಯಜಮಾನರು ತಲೆ ಎತ್ತದೆ ‘ಗಗಿಮರ್ಜೊಥ್’ ಅಂದರು. ‘ಎರ್ಥಿ ಪುರಿ, ಥು ಶೆಯಿದ್ಜ಼್ಲೆಬ’ ಅಂದೆ. ಒಂದು ರೊಟ್ಟಿ, ಆಗುವುದಾದರೆ. ಹೌದು, ಅಲ್ಲಿ ರೊಟ್ಟಿಗೆ ಪುರಿ ಅಂತಲೇ ಹೆಸರು. ಎಣ್ಣೆಯಲ್ಲಿ ಕರಿದದ್ದು ಬರುತ್ತೆ ಅಂತ ಕಾಯಬೇಡಿ.

ಎರಡೂ ಭಾಷೆಗೆ ಸಂಬಂಧವೇ ಇಲ್ಲ. ಚೆಕ್ ಸ್ಲಾವಿಕ್ ಕುಟುಂಬದ್ದು, ರಷ್ಯನ್, ಪೋಲಿಷ್ ಜೊತೆಗಿನದು. ಜಾರ್ಜಿಯನ್ ಕಾಕಸಸ್ ಬೆಟ್ಟಗಳ ಕಾರ್ತ್ವೇಲಿಯನ್ ಕುಟುಂಬದ್ದು. ಅದಕ್ಕೆ ರಷ್ಯನ್ ನಂಟೂ ಇಲ್ಲ. ಆದರೂ ಎರಡನ್ನೂ ಪಕ್ಕಪಕ್ಕ ಇಟ್ಟು ಕಲಿತರೆ ಕನ್ನಡದವರಿಗೆ ಸುಲಭ. ಎಂಬಿಬಿಎಸ್ ಓದಲು ಜಾರ್ಜಿಯಾಕ್ಕೆ ಹೋಗುವ ಹುಡುಗರು, ಕೆಲಸಕ್ಕೆ ಅಂತ ಪ್ರಾಗ್, ಬ್ರನೋ ಸೇರುವವರು, ಸುಮ್ನೆ ಸುತ್ತಾಡಲು ಹೋಗುವವರು, ಎಲ್ಲರಿಗೂ ಮೊದಲ ವಾರಕ್ಕೆ ಇಷ್ಟು ಸಾಕು.

ಓದುವ ಮೊದಲು ಉಚ್ಚಾರದ ಮಾತು

ಎರಡೂ ಭಾಷೆಯನ್ನು ಹೆಚ್ಚುಕಮ್ಮಿ ಬರೆದಂತೆ ಓದಬಹುದು. ಹಾಗಾಗಿ ಪದಗಳನ್ನು ಕನ್ನಡದಲ್ಲೇ ಬರೆದುಕೊಳ್ಳಿ, ಇಂಗ್ಲಿಷ್ ಅಕ್ಷರದಲ್ಲಿ ಬೇಡ. ಇಲ್ಲಿ ಖ಼, ಘ಼, ಜ಼ ಅಂತ ಚುಕ್ಕೆ ಹಾಕಿರುವುದು ಗಂಟಲು ಕೆರೆದ ಹಾಗೆ ಅಥವಾ ಹಲ್ಲಿನ ನಡುವೆ ಗುಂಯ್‌ಗುಟ್ಟಿದ ಹಾಗೆ ಬರುವ ಸದ್ದಿಗೆ. ಬೀಗರ ಮನೆಯ ಕಾಫಿ ಬಿಸಿಯಾಗಿ ಗಂಟಲಿಗೆ ಸಿಕ್ಕಾಗ ಬರುವ ಸದ್ದು ಖ಼.

ಚೆಕ್‌ನಲ್ಲಿ ಒತ್ತು ಯಾವಾಗಲೂ ಮೊದಲ ಅಕ್ಷರದ ಮೇಲೆ. ದೀರ್ಘ ಬೇರೆ ಕಡೆ ಇರಬಹುದು. ‘ದೊಬ್ರೀ’ಯಲ್ಲಿ ಒತ್ತು ‘ದೊ’ ಮೇಲೆ, ಎಳೆತ ‘ರೀ’ ಮೇಲೆ. ಇಂಗ್ಲಿಷಿನವರಿಗೆ ಇದು ತಲೆನೋವು. ಹ್ರಸ್ವ ದೀರ್ಘ ಬೇರೆ ಮಾಡಿ ಬೆಳೆದ ನಮಗೆ ಏನೂ ಕಷ್ಟವಿಲ್ಲ.

ಜಾರ್ಜಿಯನ್‌ನಲ್ಲಿ ತ, ಥ, ದ ಮೂರೂ ಬೇರೆ ಬೇರೆ. ಅಲ್ಲಿನ ತ, ಕ, ಪ ಉಸಿರು ಹಿಡಿದು ಪಟ್ ಅಂತ ಬಿಡುವಂಥವು. ನಮ್ಮ ಅಲ್ಪಪ್ರಾಣ ಹೇಳಿದರೆ ಸಾಕು, ಅರ್ಥವಾಗುತ್ತದೆ. ಥ, ಫ, ಖ ಮಾತ್ರ ನಿಜವಾದ ಮಹಾಪ್ರಾಣ. ನಾವು ಬರೆಯುವಾಗ ‘ಭಾರತ’, ಹೇಳುವಾಗ ‘ಬಾರತ’ ಅನ್ನುವ ಜನ. ಅಲ್ಲಿ ಆ ಸೋಮಾರಿತನ ನಡೆಯುವುದಿಲ್ಲ. ಫ ಬಂದಾಗ ತುಟಿ ಮುಚ್ಚಿ ಉಸಿರು ಬಿಡಿ, ‘ಫ್ಯಾನ್’ ಅನ್ನುವಾಗಿನ ಫ ಅಲ್ಲ.

ಹೆಜ್ಜೆ 1: ‘ತ್’ ಹಿಡಿದುಕೊಳ್ಳಿ

ಮಿಕ್ಕಿದ್ದೆಲ್ಲ ಮರೆತರೂ ಇದೊಂದು ಬರಲಿ. ಕನ್ನಡದಲ್ಲಿ ‘ಬಾ’ ಅನ್ನುವುದನ್ನು ‘ಬನ್ನಿ’ ಮಾಡುತ್ತೇವೆ. ಧಾರವಾಡ ಕಡೆಯವರು ಕೊನೆಗೊಂದು ‘ರೀ’ ಹಚ್ಚಿ ಕೆಲಸ ಮುಗಿಸುತ್ತಾರೆ. ಜಾರ್ಜಿಯನ್‌ನಲ್ಲಿ ಆ ‘ರೀ’ ಕೆಲಸ ಮಾಡುವುದು ಪದದ ಕೊನೆಯ ‘ಥ್’. ಚೆಕ್‌ನಲ್ಲಿ ‘ತೆ’.

ನೋಡಿ. ಗೆಳೆಯನಿಗೆ ‘ಗಮರ್ಜೊಬ’, ಹಿರಿಯರಿಗೆ ‘ಗಮರ್ಜೊಬಥ್’. ಹೇಗಿದ್ದೀಯ ಅನ್ನಲು ‘ರೊಗೊರ್ ಖ಼ರ್’, ಹೇಗಿದ್ದೀರಿ ಅನ್ನಲು ‘ರೊಗೊರ್ ಖ಼ರ್ಥ್’. ಬಾ ‘ಮೊದಿ’, ಬನ್ನಿ ‘ಮೊದಿಥ್’. ಚೆಕ್‌ನಲ್ಲಿ ಹೇಗಿದ್ದೀಯ ‘ಯಕ್ ಸೆ ಮಾಶ್’, ಹೇಗಿದ್ದೀರಿ ‘ಯಕ್ ಸೆ ಮಾತೆ’. ಕ್ಷಮಿಸು ‘ಪ್ರೊಮಿನ್ಯ್’, ಕ್ಷಮಿಸಿ ‘ಪ್ರೊಮಿನ್ಯ್‌ತೆ’. ನೀನು, ನೀವು ಪದಗಳೂ ಜೋಡಿಯಾಗಿವೆ: ಜಾರ್ಜಿಯನ್ ‘ಶೆನ್’, ‘ಥ್ಖ್ವೆನ್’, ಚೆಕ್ ‘ತಿ’, ‘ವಿ’. ನಮ್ಮ ಹಾಗೇ ಬಹುವಚನವೇ ಗೌರವ.

ಬಳಕೆಯಲ್ಲಿ ಮಾತ್ರ ದೊಡ್ಡ ವ್ಯತ್ಯಾಸವಿದೆ. ಚೆಕ್ ಜನಕ್ಕೆ ನೀವು ಬಿಟ್ಟು ನೀನಿಗೆ ಬರುವುದು ಒಂದು ಸಣ್ಣ ಶಾಸ್ತ್ರ. ಅದಕ್ಕೆ ಹೆಸರೂ ಇದೆ: ನೀನು ಅನ್ನುವುದು ‘ತಿಕಾನ್ಯೀ’, ನೀವು ಅನ್ನುವುದು ‘ವಿಕಾನ್ಯೀ’. ವಯಸ್ಸಿನಲ್ಲಿ ದೊಡ್ಡವರು ಚಿಕ್ಕವರಿಗೆ, ಹೆಂಗಸು ಗಂಡಸಿಗೆ, ಮೇಲಧಿಕಾರಿ ಕೈಕೆಳಗಿನವರಿಗೆ ‘ಇನ್ನು ಮೇಲೆ ನೀನು ಅನ್ನೋಣವಾ’ ಅಂತ ಕೇಳಬೇಕು. ಕಿರಿಯರು ತಾವಾಗಿ ಕೇಳುವಂತಿಲ್ಲ. ಒಪ್ಪಿದ ಮೇಲೆ ಕೈ ಕುಲುಕಿ ಮತ್ತೊಮ್ಮೆ ಹೆಸರು ಹೇಳಿಕೊಳ್ಳುವುದೂ ಉಂಟು. ಆಮೇಲೆ ತಿರುಗಿ ನೀವು ಅಂದರೆ ಜಗಳವಾಗಿದೆ ಅಂತಲೇ ಅರ್ಥ. ಜಾರ್ಜಿಯಾದಲ್ಲಿ ನಾನು ಕಂಡಂತೆ ಇಷ್ಟೆಲ್ಲ ಇಲ್ಲ. ಒಂದೇ ಮೇಜಿನಲ್ಲಿ ಉಂಡ ಮೇಲೆ ‘ಥ್’ ತಾನಾಗಿ ಉದುರುತ್ತದೆ.

ಹೆಜ್ಜೆ 2: ಬಾಗಿಲಲ್ಲಿ ಏನು ಹೇಳಬೇಕು

‘ಗಮರ್ಜೊಬ’ ಅಂದರೆ ಗೆಲುವು. ಎದುರಿನವರು ‘ಗಗಿಮರ್ಜೊಸ್’ ಅನ್ನುತ್ತಾರೆ: ಗೆಲುವು ನಿನ್ನದಾಗಲಿ. ಹಾಗಾಗಿ ಗಮರ್ಜೊಬಕ್ಕೆ ತಿರುಗಿ ಗಮರ್ಜೊಬ ಅಂದರೆ ತಪ್ಪಲ್ಲ, ಆದರೆ ಸಪ್ಪೆ. ನಮಸ್ಕಾರ ಅಜ್ಜೀ ಅಂದಾಗ ಅಜ್ಜಿ ‘ಒಳ್ಳೇದಾಗ್ಲಿ ಮಗಾ’ ಅಂದರೆ ಎಷ್ಟು ಹಿತ, ಅಲ್ವಾ? ಜಾರ್ಜಿಯಾದಲ್ಲಿ ಆ ಹಿತ ದಾರಿಹೋಕರಿಗೂ ಸಿಗುತ್ತದೆ. ಮರ್ಯಾದೆಗೆ ‘ಗಗಿಮರ್ಜೊಥ್’.

ಬೆಳಗ್ಗೆ ‘ದಿಲ ಮ್ಶ್ವಿದೊಬಿಸ’, ಸಂಜೆ ‘ಸಘ಼ಮೊ ಮ್ಶ್ವಿದೊಬಿಸ’, ಮಲಗುವಾಗ ‘ಘ಼ಮೆ ಮ್ಶ್ವಿದೊಬಿಸ’. ಮ್ಶ್ವಿದೊಬ ಅಂದರೆ ಶಾಂತಿ, ನೆಮ್ಮದಿ. ಗುಡ್ ಮಾರ್ನಿಂಗ್ ಅಲ್ಲ, ನೆಮ್ಮದಿಯ ಬೆಳಗು. ಗೆಲುವು, ನೆಮ್ಮದಿ ಎರಡೂ ದಿನದ ಮಾತಿನಲ್ಲಿ ಕೂತಿರುವುದು ಸುಮ್ಮನೆ ಅಲ್ಲ ಅನ್ನಿಸುತ್ತದೆ. ಪರ್ಷಿಯನ್ನರು, ತುರ್ಕರು, ರಷ್ಯನ್ನರು ಒಬ್ಬರಾದ ಮೇಲೆ ಒಬ್ಬರು ಹಾದುಹೋದ ನೆಲ ಅದು.

ಚೆಕ್‌ನಲ್ಲಿ ಗೆಲುವೂ ಇಲ್ಲ, ಶಾಂತಿಯೂ ಇಲ್ಲ. ಒಳ್ಳೆಯ ದಿನ, ಅಷ್ಟೆ: ‘ದೊಬ್ರೀ ದೆನ್’. ಬೆಳಗ್ಗೆ ಬೇಗ ‘ದೊಬ್ರೇ ರಾನೊ’, ಸಂಜೆ ‘ದೊಬ್ರೀ ವೆಚೆರ್’. ‘ದೊಬ್ರೊಉ ನೊತ್ಸ್’ ಮಲಗಲು ಹೊರಟವರಿಗೆ ಮಾತ್ರ. ಗೆಳೆಯರಾದರೆ ‘ಅಹೊಯ್’ ಅಥವಾ ‘ಚಉ’. ಅಹೊಯ್ ಹಡಗಿನವರ ಕೂಗು. ಸಮುದ್ರವೇ ಇಲ್ಲದ ದೇಶಕ್ಕೆ ಅದು ಹೇಗೆ ಬಂತು ಅಂತೀರಾ? ಕಳೆದ ಶತಮಾನದ ಮೊದಲರ್ಧದಲ್ಲಿ ನದಿಗಳಲ್ಲಿ ದೋಣಿ ಹುಟ್ಟು ಹಾಕುತ್ತಿದ್ದವರು, ಕಾಡು ಸುತ್ತುತ್ತಿದ್ದ ಹುಡುಗರು ಅದನ್ನು ಹರಡಿದರು. ಅಹೊಯ್, ಚಉ ಎರಡೂ ಬರುವಾಗಲೂ ಹೊರಡುವಾಗಲೂ ನಡೆಯುತ್ತವೆ. ಆದರೆ ‘ವಿ’ ಅನ್ನುವವರಿಗೆ ಅಹೊಯ್ ಅನ್ನಬೇಡಿ. ಮೇಷ್ಟ್ರಿಗೆ ‘ಏನ್ ಮಗಾ’ ಅಂದ ಹಾಗಾಗುತ್ತದೆ.

ಗೆಲುವು ಚೆಕ್‌ನಲ್ಲಿ ಇಲ್ಲ ಅಂದೆನಲ್ಲ, ಪೂರ್ತಿ ನಿಜವಲ್ಲ. ಹಳೆಯ ತಲೆಮಾರಿನವರ ಬಾಯಲ್ಲಿ ‘ನಜ಼್ದರ್’ ಅಂತೊಂದು ಕೇಳುತ್ತದೆ. ಯಶಸ್ಸಿಗೆ ಅಂತ ಅದರ ಅರ್ಥ. 1862ರಲ್ಲಿ ಪ್ರಾಗ್‌ನಲ್ಲಿ ಶುರುವಾದ ‘ಸೊಕೊಲ್’ ಎಂಬ ಗರಡಿಮನೆಯಂಥ ವ್ಯಾಯಾಮ ಸಂಘದವರು ಇದನ್ನೇ ಹೇಳುತ್ತಿದ್ದರು. ಗಣಿ ಕೆಲಸದವರ ನಮಸ್ಕಾರ ‘ಜ಼್ದರ್ಝ್ ಬೂಖ಼್’, ದೇವರು ಯಶ ಕೊಡಲಿ. ಮೀನು ಹಿಡಿಯುವವರದು ‘ಪೆತ್ರೂಫ಼್ ಜ಼್ದರ್’, ಸಂತ ಪೀಟರನ ಹೆಸರಿನಲ್ಲಿ. ಬೇಟೆಗಾರರದು ‘ಲೊವು ಜ಼್ದರ್’. ಇವು ನಿಮಗೆ ಬೇಕಾಗುವುದಿಲ್ಲ, ಖುಷಿಗೆ ಹೇಳಿದೆ.

ಬೇಕಾಗುವುದು ಇದು. ಚೆಕ್ ನೆಲದಲ್ಲಿ ಸಣ್ಣ ಅಂಗಡಿ, ಡಾಕ್ಟರ ಬಳಿ ಕಾಯುವ ಕೋಣೆ, ಲಿಫ್ಟ್, ರೈಲಿನ ಕೂಪೆ, ಎಲ್ಲಿ ಕಾಲಿಟ್ಟರೂ ಗುರುತಿಲ್ಲದವರಿಗೂ ದೊಬ್ರೀ ದೆನ್. ಹೊರಡುವಾಗ ‘ನ ಸ್ಖ಼್ಲೆದನೊಉ’. ನಗಬೇಕಾಗಿಲ್ಲ, ಹರಟಬೇಕಾಗಿಲ್ಲ. ಇಷ್ಟು ಹೇಳಿ ಸುಮ್ಮನೆ ಗೋಡೆ ನೋಡುತ್ತ ಕೂತರೂ ನೀವು ಮರ್ಯಾದಸ್ಥರೇ. ಇದಕ್ಕೆ ಒಗ್ಗಿಕೊಳ್ಳಲು ನನಗೆ ತಿಂಗಳು ಹಿಡಿಯಿತು.

ಹೆಜ್ಜೆ 3: ಥ್ಯಾಂಕ್ಸ್, ಪ್ಲೀಸ್, ಸಾರಿ

ನಾವು ಮನೆಯಲ್ಲಿ ಧನ್ಯವಾದ ಅನ್ನುವವರಲ್ಲ. ಅಮ್ಮ ನೀರು ಕೊಟ್ಟರೆ ಥ್ಯಾಂಕ್ಸ್ ಅಂದರೆ ಅಮ್ಮನೇ ವಿಚಿತ್ರವಾಗಿ ನೋಡುತ್ತಾರೆ. ಚೆಕ್ ಮನೆಯಲ್ಲಿ ಉಪ್ಪಿನ ಡಬ್ಬಿ ದಾಟಿಸಿದರೂ ‘ದ್ಯೆಕುಯು’ ಬೇಕು. ಬರಹದಲ್ಲಿ ‘ದ್ಯೆಕುಯಿ’, ಮಾತಿನಲ್ಲಿ ‘ದ್ಯೆಕುಯು’, ಗೆಳೆಯರಲ್ಲಿ ‘ದ್ಯೀಕಿ’. ಜಾರ್ಜಿಯನ್‌ನಲ್ಲಿ ‘ಮದ್ಲೊಬ’, ಮರ್ಯಾದೆಗೆ ‘ಗ್ಮದ್ಲೊಬ್ಥ್’, ಜಾಸ್ತಿ ಬೇಕಾದರೆ ‘ದಿದಿ ಮದ್ಲೊಬ’. ಗ್ಮದ್ಲೊಬ್ಥ್ ಬಾಯಿಗೆ ಬರದಿದ್ದರೆ ದಿದಿ ಮದ್ಲೊಬ ಹೇಳಿ ತಪ್ಪಿಸಿಕೊಳ್ಳಿ. ನಾನು ಅದನ್ನೇ ಮಾಡುವುದು.

ಪರವಾಗಿಲ್ಲ ಅನ್ನಲು ಎರಡೂ ಭಾಷೆಯವರು ‘ಏನೂ ಇಲ್ಲ ಬಿಡಿ’ ಅನ್ನುತ್ತಾರೆ: ‘ಅರಫ್ರಿಸ್’, ‘ನೆನ್ಯೀ ಜ಼ಚ್’.

ಚೆಕ್‌ನ ‘ಪ್ರೊಸೀಮ್’ ಒಂದೇ ಪದ, ಹತ್ತು ಕೆಲಸ. ದಯವಿಟ್ಟು ಅನ್ನಲು ಪ್ರೊಸೀಮ್. ತಗೊಳ್ಳಿ ಅನ್ನಲು ಪ್ರೊಸೀಮ್. ಥ್ಯಾಂಕ್ಸ್ ಅಂದವರಿಗೆ ಪ್ರೊಸೀಮ್. ಏನಂದ್ರಿ, ಕೇಳಿಸಲಿಲ್ಲ ಅನ್ನಲು ದನಿ ಏರಿಸಿ ‘ಪ್ರೊಸೀಮ್?’. ಫೋನ್ ಎತ್ತಿದಾಗಲೂ ಪ್ರೊಸೀಮ್. ಹಾಗಾಗಿ ಅಂಗಡಿಯಲ್ಲಿ ಯಾರಾದರೂ ನಿಮ್ಮ ಕಡೆ ನೋಡಿ ಪ್ರೊಸೀಮ್ ಅಂದರೆ ಬೆದರಬೇಡಿ, ‘ಹೇಳಿ, ಏನು ಬೇಕು’ ಅಂತ ಕೇಳುತ್ತಿದ್ದಾರೆ.

ಜಾರ್ಜಿಯನ್‌ನಲ್ಲಿ ಈ ಕೆಲಸಗಳು ಹಂಚಿಹೋಗಿವೆ. ದಯವಿಟ್ಟು ಅನ್ನುವುದಕ್ಕೆ ‘ಗ್ಥ್ಖ಼ೊವ್ಥ್’. ಒಂದು ಸ್ವರಕ್ಕೆ ಎಷ್ಟು ವ್ಯಂಜನ ನೋಡಿ! ಅದರ ಬದಲು ‘ಥು ಶೆಯಿದ್ಜ಼್ಲೆಬ’, ಆಗುವುದಾದರೆ, ಸುಲಭವೂ ಹೌದು, ಕೇಳಲು ಸೌಜನ್ಯವೂ ಹೌದು. ಕೇಳಿಸಲಿಲ್ಲ ಅನ್ನಲು ‘ಬತೊನೊ?’. ಫೋನ್ ಎತ್ತಿದರೆ ‘ಗಿಸ್ಮೆನ್ಥ್’, ಕೇಳಿಸಿಕೊಳ್ಳುತ್ತಿದ್ದೇನೆ ಹೇಳಿ ಅಂತ. ಮಾತು ಮುಂದುವರಿಸಿ ಅನ್ನಲು ‘ಬ್ರ್ದ್ಜ಼ನೆಥ್’. ಅದರ ನಿಜವಾದ ಅರ್ಥ ‘ಅಪ್ಪಣೆ ಕೊಡಿ’. ಬನ್ನಿ ಒಳಗೆ ಅನ್ನುವ ‘ಮೊಬ್ರ್ದ್ಜ಼ನ್ದಿಥ್’, ಕೂತ್ಕೊಳ್ಳಿ ಅನ್ನುವ ‘ದಬ್ರ್ದ್ಜ಼ನ್ದಿಥ್’ ಕೂಡ ಅದೇ ಬೇರಿನವು. ಹಳೆಯ ಕಾಲದ ನಮ್ಮವರು ‘ದಯಮಾಡಿಸಬೇಕು’ ಅಂತಿದ್ದರಲ್ಲ, ಅದೇ ಗತ್ತು. ನೀವು ಹೇಳಬೇಕಿಲ್ಲ, ಕೇಳಿದಾಗ ಗೊತ್ತಾದರೆ ಸಾಕು.

ದಾರಿ ಬಿಡಿ ಅನ್ನಲು ಚೆಕ್‌ನಲ್ಲಿ ‘ಜ಼್ದೊವೊಲೆನ್ಯೀಮ್’, ನಿಮ್ಮ ಅನುಮತಿಯಿಂದ. ಟ್ರಾಮ್‌ನಲ್ಲಿ ಇಳಿಯುವಾಗ ಇದನ್ನು ಹೇಳದೆ ತಳ್ಳಿಕೊಂಡು ಹೋದರೆ ಬೆನ್ನ ಹಿಂದೆ ಗೊಣಗಾಟ ಗ್ಯಾರಂಟಿ. ಕಾಲು ತುಳಿದರೆ ‘ಪ್ರೊಮಿನ್ಯ್‌ತೆ’. ಜಾರ್ಜಿಯನ್‌ನಲ್ಲಿ ಯಾರನ್ನಾದರೂ ತಡೆದು ವಿಳಾಸ ಕೇಳುವ ಮೊದಲು ‘ಉಕತ್ಸ್ರವದ್’, ತಪ್ಪು ಮಾಡಿದ ಮೇಲೆ ‘ಬೊದಿಶಿ’.

ಹೆಜ್ಜೆ 4: ಬಲೆಗೆ ಬೀಳಿಸುವ ಪದಗಳು

ಚೆಕ್‌ನಲ್ಲಿ ಹೌದು ಅನ್ನಲು ‘ಅನೊ’. ಮಾತಿನಲ್ಲಿ ಅದು ಬರೀ ‘ನೊ’ ಆಗುತ್ತದೆ. ಬೇಕಾ ಅಂತ ಕೇಳಿದಾಗ ಅವರು ‘ನೊ’ ಅಂದರೆ ಬೇಕು ಅಂತ! ಬೇಡ ಅನ್ನಲು ‘ನೆ’. ಜಾರ್ಜಿಯನ್‌ನಲ್ಲಿ ಹೌದಿಗೆ ಮೂರು ಮೆಟ್ಟಿಲು: ಮರ್ಯಾದೆಗೆ ‘ದಿಅಖ಼್’, ಮಾಮೂಲಿಗೆ ‘ಕಿ’, ಮನೆಯವರಲ್ಲಿ ‘ಹೊ’. ನಮ್ಮ ಹೌದು, ಹೂಂ ಹಾಗೇ. ಇಲ್ಲ ಅನ್ನಲು ‘ಅರ’.

ಸಂಬಂಧದ ಪದಗಳಂತೂ ತಮಾಷೆ. ಜಾರ್ಜಿಯನ್‌ನಲ್ಲಿ ‘ಮಮ’ ಅಂದರೆ ಅಪ್ಪ. ಚೆಕ್‌ನಲ್ಲಿ ‘ಮಾಮ’ ಅಂದರೆ ಅಮ್ಮ. ನಮಗೆ ಮಾಮ ಯಾರು ಅಂತ ಹೇಳಬೇಕಾಗಿಲ್ಲ. ಜಾರ್ಜಿಯನ್‌ನಲ್ಲಿ ‘ದೆದ’ ಅಮ್ಮ, ಚೆಕ್‌ನಲ್ಲಿ ‘ದ್ಯೆದ’ ತಾತ. ಅದೂ ಸಾಲದು ಅಂತ ಜಾರ್ಜಿಯಾದ ಅಮ್ಮಂದಿರು ಮಕ್ಕಳನ್ನೇ ‘ದೆದ’ ಅಂತ ಕರೆಯುತ್ತಾರೆ, ಅಪ್ಪಂದಿರು ‘ಮಮ’ ಅಂತ. ‘ಬಾರಪ್ಪಾ’ ಅಂತ ಮಗನನ್ನೂ ‘ಬಾಮ್ಮಾ’ ಅಂತ ಮಗಳನ್ನೂ ಕರೆಯುವ ನಮಗೆ ಇದು ಅಷ್ಟು ವಿಚಿತ್ರ ಅನ್ನಿಸಬಾರದು.

ಅಪರಿಚಿತರನ್ನು ಕರೆಯುವಾಗ ಜಾರ್ಜಿಯನ್‌ನಲ್ಲಿ ಗಂಡಸಿಗೆ ‘ಬತೊನೊ’, ಹೆಂಗಸಿಗೆ ‘ಖಲ್ಬತೊನೊ’, ಅದರ ಜೊತೆ ಅವರ ಸ್ವಂತ ಹೆಸರು: ಬತೊನೊ ಗಿಒರ್ಗಿ. ಗಿರೀಶ್ ಸರ್ ಅಂದ ಹಾಗೆ. ಚೆಕ್‌ನಲ್ಲಿ ಮನೆತನದ ಹೆಸರು ಹಿಡಿಯಬೇಕು, ಕರೆಯುವಾಗ ಅದರ ಕೊನೆ ಬದಲಾಗಬೇಕು: ನೊವಾಕ್ ಅನ್ನುವವರನ್ನು ‘ಪನೆ ನೊವಾಕು’, ಹೆಂಗಸಾದರೆ ‘ಪನ್ಯೀ ನೊವಾಕೊವಾ’. ಡಿಗ್ರಿ ಇದ್ದವರಿಗೆ ಅದೂ ಸೇರುತ್ತದೆ: ‘ಪನೆ ದೊಕ್ತೊರೆ’. ಮನೆಬಾಗಿಲಿನ ಬೆಲ್ ಮೇಲೂ ಎಂಜಿನಿಯರ್ ಅಂತ ಬರೆಸಿಕೊಂಡಿರುತ್ತಾರೆ. ಮದುವೆ ಕರೆಯೋಲೆಯಲ್ಲಿ ವರನ ಹೆಸರಿನ ಮುಂದೆ ಬಿ.ಇ. ಹಾಕಿಸುವ ನಮಗೆ ನಗುವ ಹಕ್ಕಿಲ್ಲ.

ಪರಿಚಯವಾದಾಗ ಸಂತೋಷ ಅನ್ನಲು ಜಾರ್ಜಿಯನ್‌ನಲ್ಲಿ ‘ಸಸಿಅಮೊವ್ನೊಅ’. ಗಂಡು ಹೆಣ್ಣು ಭೇದವಿಲ್ಲ. ಅವನು, ಅವಳು, ಅದು ಎಲ್ಲಕ್ಕೂ ಆ ಭಾಷೆಯಲ್ಲಿ ಒಂದೇ ಪದ. ಚೆಕ್‌ನಲ್ಲಿ ಗಂಡಸು ‘ರಾದ್’ ಅಂದರೆ ಹೆಂಗಸು ‘ರಾದ’ ಅನ್ನಬೇಕು. ‘ತ್ಯೆಶೀ ಮ್ನ್ಯೆ’ ಅಂದುಬಿಡಿ, ಅದು ಇಬ್ಬರಿಗೂ ಆಗುತ್ತದೆ.

ಹೆಜ್ಜೆ 5: ಹೇಗಿದ್ದೀರಿ, ಊಟ ಆಯ್ತಾ

ಚೆಕ್ ಅಂಗಡಿಯವರನ್ನು ‘ಯಕ್ ಸೆ ಮಾತೆ’ ಅಂತ ಕೇಳಬೇಡಿ. ಗುರುತಿದ್ದವರನ್ನು ಮಾತ್ರ ಕೇಳುವ ಪ್ರಶ್ನೆ ಅದು. ಕೇಳಿದರೆ ನಿಜವಾದ ಉತ್ತರ ಬರುತ್ತದೆ, ಮಂಡಿನೋವಿನ ಸಮೇತ. ಚೆನ್ನಾಗಿದ್ದರೂ ‘ಉಯ್ದೆ ತೊ’, ಹೇಗೋ ನಡೀತಿದೆ, ಅನ್ನುವವರೇ ಜಾಸ್ತಿ. ಜಾರ್ಜಿಯನ್‌ನಲ್ಲಿ ಧಾರಾಳವಾಗಿ ಕೇಳಿ. ಉತ್ತರ ‘ಕರ್ಗದ್’, ಚೆನ್ನಾಗಿದ್ದೇನೆ, ಅಥವಾ ‘ಅರ ಮಿಶವ್ಸ್’, ಪರವಾಗಿಲ್ಲ.

‘ಊಟ ಆಯ್ತಾ’ ಅನ್ನುವ ನಮ್ಮ ಮಾತನ್ನು ಎರಡು ಕಡೆಯೂ ಅನುವಾದ ಮಾಡಬೇಡಿ. ಪ್ರಾಗ್‌ನಲ್ಲಿ ನೀವು ಊಟಕ್ಕೆ ಕರೆಯುತ್ತಿದ್ದೀರಿ ಅಂದುಕೊಳ್ಳುತ್ತಾರೆ. ತ್ಬಿಲಿಸಿಯಲ್ಲಿ ನಿಮಗೆ ಹಸಿವಾಗಿದೆ ಅಂದುಕೊಂಡು ಬಡಿಸಿಬಿಡುತ್ತಾರೆ.

ಮೇಜಿನ ಮುಂದೆ ಕೂತ ಮೇಲೆ ಚೆಕ್‌ನಲ್ಲಿ ‘ದೊಬ್ರೊಉ ಖ಼ುತ್ಯ್’ ಹೇಳದೆ ಚಮಚ ಎತ್ತಬೇಡಿ. ಲೋಟ ಎತ್ತಿದಾಗ ‘ನ ಜ಼್ದ್ರವೀ’, ಆರೋಗ್ಯಕ್ಕೆ. ಒಬ್ಬೊಬ್ಬರ ಕಣ್ಣು ನೋಡಿ ಲೋಟ ತಾಗಿಸಬೇಕು, ಲೋಟ ನೋಡಿಕೊಂಡು ಅಲ್ಲ. ಸೀನಿದವರಿಗೂ ಅದೇ ‘ನ ಜ಼್ದ್ರವೀ’. ಜಾರ್ಜಿಯನ್‌ನಲ್ಲಿ ಸೀನಿದರೆ ‘ಇತ್ಸೊತ್ಸ್ಖ಼್ಲೆಥ್’, ಬದುಕಿ ಬಾಳಿ ಅಂತ. ಮಗು ಸೀನಿದಾಗ ಅಜ್ಜಿಯಂದಿರು ‘ಚಿರಂಜೀವಿ’ ಅನ್ನುವುದಕ್ಕೂ ಇದಕ್ಕೂ ಏನು ದೂರ?

ಜಾರ್ಜಿಯಾದ ‘ಸುಫ್ರ’ ಅನ್ನುವ ಔತಣದಲ್ಲಿ ‘ಥಮದ’ ಅಂತ ಒಬ್ಬರಿರುತ್ತಾರೆ. ಯಾರ ಹೆಸರಿನಲ್ಲಿ ಕುಡಿಯಬೇಕು ಅಂತ ಅವರು ಮಾತಾಡಿದ ಮೇಲೆಯೇ ವೈನ್ ಎತ್ತುವುದು. ಶಾಂತಿಗೆ, ತೀರಿಹೋದವರಿಗೆ, ಅಮ್ಮಂದಿರಿಗೆ, ಬಂದ ಅತಿಥಿಗೆ, ಹೀಗೆ ಸಾಗುತ್ತದೆ. ಎಲ್ಲರೂ ಕೂಗುವುದು ‘ಗಉಮರ್ಜೊಸ್’. ಕಿವಿಗೊಟ್ಟರೆ ಗೊತ್ತಾಗುತ್ತದೆ, ಬಾಗಿಲಲ್ಲಿ ಹೇಳಿದ ಗಮರ್ಜೊಬದ ಅದೇ ಗೆಲುವು ಇಲ್ಲೂ ಇದೆ. ಥಮದ ಮಾತಾಡುವಾಗ ನಡುವೆ ನೀವೇ ಗುಟುಕರಿಸಬೇಡಿ. ಕುಡಿಯದವರಾದರೆ ಜ್ಯೂಸ್ ಹಿಡಿದು ಎದ್ದು ನಿಂತು ಗಉಮರ್ಜೊಸ್ ಅಂದರೂ ಸಾಕು.

ಅಲ್ಲಿ ಯಾವುದಾದರೂ ಅಜ್ಜಿ ನಿಮ್ಮ ಕೆನ್ನೆ ಹಿಡಿದು ‘ಗೆನತ್ಸ್ವಲೆ’ ಅನ್ನಬಹುದು. ನಿನಗೆ ಬರುವುದು ನನಗೆ ಬರಲಿ, ನಿನ್ನ ಬದಲು ನಾನಿರುತ್ತೇನೆ ಅನ್ನುವ ಅರ್ಥ. ಮುಖ ನೀವಾಳಿಸಿ ನೆಟಿಕೆ ಮುರಿಯುವ ನಮ್ಮ ಅಜ್ಜಿಯರಿಗೆ ಇದನ್ನು ವಿವರಿಸಬೇಕಾಗಿಲ್ಲ. ಇದಕ್ಕೆ ತಕ್ಕ ಪದ ಚೆಕ್‌ನಲ್ಲಿ ನನಗೆ ಸಿಕ್ಕಿಲ್ಲ.

ಹೆಜ್ಜೆ 6: ಹೊರಡುವುದು

‘ನಖ಼್‌ವಮ್‌ದಿಸ್’ ಅಂದರೆ ನೋಡುವ ತನಕ. ‘ನ ಸ್ಖ಼್ಲೆದನೊಉ’ ಅಂದರೂ ಮತ್ತೆ ನೋಡುವುದಕ್ಕೆ. ಹೋಗ್ತೀನಿ ಅನ್ನಬಾರದು, ‘ಹೋಗ್ಬರ್ತೀನಿ’ ಅನ್ನಬೇಕು ಅಂತ ಕಲಿತವರಿಗೆ ಎರಡೂ ಪದ ಬೇಗ ನೆನಪಿರುತ್ತವೆ. ಗೆಳೆಯರಲ್ಲಿ ಜಾರ್ಜಿಯನ್ ‘ಕರ್ಗದ್’ ಸಾಕು, ಚೆನ್ನಾಗಿರು ಅಂತ. ಚೆಕ್‌ನಲ್ಲಿ ಅಹೊಯ್, ಚಉ ಇದ್ದೇ ಇವೆ.

ಕರೆದಾಗ ಹೋಗಲಾಗದಿದ್ದರೆ ಚೆಕ್‌ನಲ್ಲಿ ‘ಶ್ಕೊದ’ ಅನ್ನಿ. ಹೌದು, ಕಾರಿನ ಹೆಸರೇ. ಅಲ್ಲಿ ಅದು ಒಂದು ಮನೆತನದ ಹೆಸರು, ಪದದ ಅರ್ಥ ಮಾತ್ರ ‘ಛೇ, ಎಂಥಾ ಬೇಜಾರು’. ಚೆಕ್ ಜನ ಅಷ್ಟಕ್ಕೇ ಬಿಟ್ಟುಬಿಡುತ್ತಾರೆ.

ಜಾರ್ಜಿಯಾದಲ್ಲಿ ಬಿಡುವುದಿಲ್ಲ. ಬಾಗಿಲಲ್ಲಿ ನಖ಼್‌ವಮ್‌ದಿಸ್ ಅಂದ ಮೇಲೂ ಅರ್ಧ ಗಂಟೆ ಮಾತು ಇರುತ್ತದೆ, ನಮ್ಮೂರಿನ ಗೇಟಿನ ಹತ್ತಿರ ನಿಂತು ಆಡುವ ಹಾಗೆ. ಆಮೇಲೆ ‘ಗ್ಜ಼ ಮ್ಶ್ವಿದೊಬಿಸ’, ದಾರಿ ನೆಮ್ಮದಿಯಾಗಿರಲಿ. ಅಷ್ಟರಲ್ಲಿ ಯಾರೋ ಒಳಗೆ ಓಡಿ ಚುರ್ಚ್‌ಖ಼ೆಲ ತರುತ್ತಾರೆ, ದಾರಕ್ಕೆ ಪೋಣಿಸಿದ ಅಕ್ರೋಟನ್ನು ದ್ರಾಕ್ಷಿ ರಸದ ಪಾಕದಲ್ಲಿ ಅದ್ದಿ ಒಣಗಿಸಿದ್ದು. ‘ಅರ, ಗ್ಮದ್ಲೊಬ್ಥ್’ ಅಂದು ನೋಡಿ, ಕೆಲಸ ಮಾಡುವುದಿಲ್ಲ. ಚೀಲದಲ್ಲಿ ಜಾಗ ಇಟ್ಟುಕೊಂಡೇ ಹೋಗಿ.